ಅನಾಪೊಲಿಸ್‌ನ ದೋಣಿ ಸಂತೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನಾಪೊಲಿಸ್‌ನ ದಕ್ಕೆಯ ಬಳಿ ಕಾರು ನಿಲ್ಲಿಸುವ ಆಸೆ ಬಿಡಬೇಕು. ಪಾರ್ಕಿಂಗ್ ಜಾಗದ ತುಂಬ ಬಿಳಿ ಡೇರೆಗಳು ಎದ್ದಿರುತ್ತವೆ. ಊರಿನೊಳಕ್ಕೆ ಚಾಚಿಕೊಂಡಿರುವ ಪುಟ್ಟ ಬಂದರಿನಲ್ಲಿ ತೇಲುವ ಜೆಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ, ಅವುಗಳ ಇಕ್ಕೆಲದಲ್ಲೂ ಹೊಸ ಹಾಯಿದೋಣಿಗಳನ್ನು ಕಟ್ಟಿರುತ್ತಾರೆ. ಬಂದವರು ಚಪ್ಪಲಿ ಕಳಚಿಟ್ಟು ದೋಣಿ ಹತ್ತುತ್ತಾರೆ, ಒಲೆಯ ಪಕ್ಕದ ಕಪಾಟು ತೆಗೆದು ನೋಡುತ್ತಾರೆ, ಮಲಗುವ ಹಲಗೆ ತಮ್ಮ ಉದ್ದಕ್ಕೆ ಸಾಲುತ್ತದೆಯೇ ಎಂದು ಮಲಗಿಯೇ ಪರೀಕ್ಷಿಸುತ್ತಾರೆ.

ಈ ಸಂತೆಯನ್ನು 1970ರಲ್ಲಿ ಶುರುಮಾಡಿದವರು ಜೆರ್ರಿ ವುಡ್. ಅದೇ ಊರಿನಲ್ಲಿ 1959ರಿಂದ ಹಾಯಿದೋಣಿ ನಡೆಸುವುದನ್ನು ಕಲಿಸುವ ಶಾಲೆ ಇಟ್ಟಿದ್ದವರು. ಆ ಕಾಲಕ್ಕೆ ದೋಣಿ ಪ್ರದರ್ಶನವೆಂದರೆ ಸಾಮಾನ್ಯವಾಗಿ ಚಳಿಗಾಲದಲ್ಲಿ, ದೊಡ್ಡ ಸಭಾಂಗಣದೊಳಗೆ, ಕಟ್ಟೆಯ ಮೇಲೆ ನಿಲ್ಲಿಸಿದ ದೋಣಿಗಳು. ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ 1969ರಿಂದ ನಡೆಯುತ್ತಿರುವ ಭಾರೀ ಪ್ರದರ್ಶನ ಇವತ್ತಿಗೂ ಜನವರಿಯ ಚಳಿಯಲ್ಲಿ ಸೂರಿನಡಿಯೇ ನಡೆಯುತ್ತದೆ. ವುಡ್ ದೋಣಿಗಳನ್ನು ನೀರಿನಲ್ಲೇ ತೋರಿಸಿದರು. ಸಂತೆಯ ಕೊನೆಯ ಸಂಜೆ ಆ ಜೆಟ್ಟಿಗಳನ್ನು ಕಳಚುವುದನ್ನೂ ದೋಣಿಗಳು ಒಂದರ ಹಿಂದೊಂದು ಚೆಸಾಪೀಕ್ ಕೊಲ್ಲಿಗೆ ಹೊರಡುವುದನ್ನೂ ನೋಡಲೆಂದೇ ದಡದಲ್ಲಿ ಜನ ನೆರೆಯುತ್ತಾರೆ.

ದೋಣಿ ಕೊಳ್ಳುವವರು ಅಲ್ಲಿ ಕಡಿಮೆ. ಹೆಚ್ಚಿನವರು ಈಗಾಗಲೇ ದೋಣಿ ಇರುವವರು, ಡೇರೆಗಳಿಗೆ ಬಂದವರು. ಹಗ್ಗ, ರಾಟೆ, ವಿಂಚ್, ಲಂಗರು, ಮಳೆಗಾಳಿಯ ಉಡುಪು, ರೇಡಿಯೊ, ಬ್ಯಾಟರಿ, ಪಂಪು, ಹಾಯಿ ಹೊಲಿಯುವ ದಬ್ಬಳ, ಎಲ್ಲವೂ ಅಲ್ಲಿವೆ. ಬೆಲೆಯೂ ಇಲ್ಲಿ ಇಳಿದಿರುತ್ತದೆ, ಅದಕ್ಕೆ ಕಾರಣ ಋತುವಿನಲ್ಲೇ ಇದೆ. ಅಕ್ಟೋಬರ್‌ನಲ್ಲಿ ಕೊಲ್ಲಿಯ ಹಾಯಿ ಹಂಗಾಮು ಮುಗಿಯುತ್ತ ಬಂದಿರುತ್ತದೆ, ಮುಂದಿನ ಗಿರಾಕಿ ಬರುವುದು ವಸಂತಕ್ಕೆ. ಅಲ್ಲಿಯವರೆಗೆ ಸರಕನ್ನು ಗೋದಾಮಿನಲ್ಲಿ ಇಟ್ಟುಕೊಳ್ಳಲು ಯಾರಿಗೂ ಇಷ್ಟವಿಲ್ಲ. ಇನ್ನೊಂದು ಕಡೆ, ಚಳಿಗಾಲಕ್ಕೆ ಫ್ಲೋರಿಡಾ, ಬಹಾಮಾಸ್, ಕೆರಿಬಿಯನ್ ಕಡೆ ಹೊರಟ ದೋಣಿಗಳು ಚಂಡಮಾರುತದ ಕಾಲ ಕಳೆಯಲೆಂದು ಇಲ್ಲೇ ಸುತ್ತಮುತ್ತ ಲಂಗರು ಹಾಕಿ ಕಾಯುತ್ತಿರುತ್ತವೆ. ಆ ದೋಣಿಯವರಿಗೆ ಸಾಮಾನು ಈಗಲೇ ಬೇಕು. ಮಾರುವವನ ಅವಸರವೂ ಕೊಳ್ಳುವವನ ಅವಸರವೂ ಒಂದೇ ವಾರದಲ್ಲಿ ಕೂಡುವ ಇಂಥ ಜಾಗಗಳು ಹೆಚ್ಚಿಲ್ಲ.

ಮೊದಲ ದಿನ ಹೋದರೆ ಆಯ್ಕೆ ಹೆಚ್ಚು, ಕೊನೆಯ ದಿನ ಹೋದರೆ ಚೌಕಾಸಿಗೆ ಬಲ ಹೆಚ್ಚು. ಮೇಜಿನ ಮೇಲೆ ತೋರಿಸಲು ಇಟ್ಟ ವಿಂಚನ್ನು ಮತ್ತೆ ಪೆಟ್ಟಿಗೆಗೆ ತುಂಬಿ ಲಾರಿಯಲ್ಲಿ ಊರಿಗೆ ಒಯ್ಯುವುದಕ್ಕಿಂತ ಅಲ್ಲೇ ಬೆಲೆ ಇಳಿಸಿ ಕೊಟ್ಟುಬಿಡುವುದು ಅಂಗಡಿಯವನಿಗೂ ಹಗುರ. ದೊಡ್ಡ ಸಾಮಾನಿಗೆ ಈ ಆತುರ ಬೇಕಿಲ್ಲ. ಹಾಯಿ ಹೊಲಿಸುವುದು, ಎಂಜಿನ್, ಸೌರಫಲಕ ಇವುಗಳ ಸಂತೆ ದರವನ್ನು ಎಷ್ಟೋ ಕಂಪನಿಗಳು ಸಂತೆ ಮುಗಿದ ಮೇಲೂ ಕೆಲವು ದಿನ ಉಳಿಸಿಕೊಡುತ್ತವೆ. ದರ, ಸಾಗಣೆ, ಜೋಡಣೆ, ವಾರಂಟಿ ನಾಲ್ಕನ್ನೂ ಒಂದೇ ಕಾಗದದಲ್ಲಿ ಬರೆಸಿಕೊಂಡು ಮನೆಗೆ ಹೋಗಿ ಯೋಚಿಸಬಹುದು. ಬೆಲೆ ಇಳಿಸಲು ಒಪ್ಪದವರು ಸಾಗಣೆಯನ್ನೋ ಬಿಡಿಭಾಗವನ್ನೋ ಪುಕ್ಕಟೆಯಾಗಿ ಕೊಡುವುದುಂಟು. ಕೇಳಬೇಕು ಅಷ್ಟೆ.

ಆದರೆ ಅಗ್ಗ ಸಿಗುವುದು ತನ್ನ ದೋಣಿಯ ಅಳತೆ ಗೊತ್ತಿದ್ದವನಿಗೆ ಮಾತ್ರ. ಲಂಗರಿನ ಸರಪಳಿಯನ್ನೇ ನೋಡಿ. ಅಮೆರಿಕದ್ದು ಇಂಚಿನ ಲೆಕ್ಕ, ಯುರೋಪಿನದು ಮಿಲಿಮೀಟರ್. ಇಂಚಿನ ಹದಿನಾರರಲ್ಲಿ ಐದು ಭಾಗವೆಂದರೆ ಹೆಚ್ಚುಕಡಿಮೆ 8 ಮಿ.ಮೀ., ಕೈಯಲ್ಲಿ ಹಿಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಕೊಂಡಿಯ ಉದ್ದ ಮಾತ್ರ ಬೇರೆ. ಲಂಗರು ಎತ್ತುವ ಯಂತ್ರದ ಚಕ್ರದ ಗುಳಿಗಳಲ್ಲಿ ಕೊಂಡಿ ಸರಿಯಾಗಿ ಕೂರದಿದ್ದರೆ ಸರಪಳಿ ಜಾರುತ್ತದೆ, ಗಾಳಿಯಲ್ಲಿ ಬೆರಳು ಕಳೆದುಕೊಳ್ಳುವುದು ಹೀಗೆಯೇ. ಹಳೆಯ ಸರಪಳಿಯ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಸಂತೆಗೆ ಬರುವವರನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ಹಗ್ಗದ ಕಥೆಯೂ ಅಷ್ಟೆ. ಸುರುಳಿಯ ಕೊನೆಯ ತುಂಡುಗಳು ಬುಟ್ಟಿಯಲ್ಲಿ ಅಗ್ಗಕ್ಕೆ ಸಿಗುತ್ತವೆ, ನಿಜವಾಗಿಯೂ ಒಳ್ಳೆಯ ಸರಕು. ಆದರೆ ನೈಲಾನ್ ಹಿಗ್ಗುತ್ತದೆ. ಅಲೆಯ ಎಳೆತವನ್ನು ನುಂಗಿಕೊಳ್ಳಬೇಕಾದ ಲಂಗರಿಗೂ ದಕ್ಕೆಗೆ ಕಟ್ಟುವುದಕ್ಕೂ ಅದೇ ಸರಿ. ಹಾಯಿ ಏರಿಸುವ ಹಗ್ಗ ಹಿಗ್ಗಿದರೆ ಹಾಯಿಯ ಆಕಾರವೇ ಕೆಡುತ್ತದೆ, ಅಲ್ಲಿ ಪಾಲಿಯೆಸ್ಟರ್ ಅಥವಾ ಡೈನೀಮಾ ಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 316 ಎಂಬ ಗುರುತಿನದಕ್ಕೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಸೇರಿಸಿರುತ್ತಾರೆ, ಉಪ್ಪುನೀರನ್ನು ತಾಳುವ ಶಕ್ತಿ ಬರುವುದು ಅದರಿಂದ. 304 ಅದರಷ್ಟೇ ಹೊಳೆಯುತ್ತದೆ, ಬೆಲೆಯೂ ಕಡಿಮೆ, ಸಮುದ್ರದಲ್ಲಿ ಬೇಗ ಕಲೆಗಟ್ಟಿ ಗುಳಿ ಬೀಳುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದ್ದರಿಂದ ಗುರುತು ಕೇಳಿ ನೋಡುವುದು ಗಿರಾಕಿಯ ಕೆಲಸ.

ಸಂತೆಯ ದೊಡ್ಡ ಲಾಭ ಇದೇ ಎಂದು ನನಗನ್ನಿಸುತ್ತದೆ: ವಸ್ತುವನ್ನು ರೂಪಿಸಿದವರೇ ಎಷ್ಟೋ ಸಲ ಮೇಜಿನ ಹಿಂದೆ ನಿಂತಿರುತ್ತಾರೆ. ಲಂಗರು ನೋಡಲು ಕಬ್ಬಿಣದ ಕೊಕ್ಕೆಯಷ್ಟೇ, ಆದರೆ ಅದರ ಹಿಂದೆ ದೊಡ್ಡ ತಲೆಗಳು ಕೆಲಸ ಮಾಡಿವೆ. ನೇಗಿಲಿನಂತೆ ಮಣ್ಣನ್ನು ಸೀಳಿ ಇಳಿಯುವ ಸಿಕ್ಯೂಆರ್ ಲಂಗರನ್ನು 1933ರಲ್ಲಿ ರೂಪಿಸಿದವರು ಕೇಂಬ್ರಿಜ್‌ನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಮ್ ಟೇಲರ್, ದ್ರವಗಳ ಚಲನೆಯನ್ನು ಓದಿದವರೆಲ್ಲ ಬಲ್ಲ ಹೆಸರು. ಅವರೂ ಹಾಯಿದೋಣಿಯಲ್ಲಿ ಸುತ್ತಿದವರೇ. ಇಂದಿನ ಲಂಗರುಗಳು ಅದನ್ನು ಹಿಂದೆ ಹಾಕಿವೆ. ಚೆಸಾಪೀಕ್‌ನ ಮೆತ್ತನೆಯ ಕೆಸರಿಗೆ ಯಾವುದು, ಮರಳಿಗೆ ಯಾವುದು, ಎಷ್ಟು ಉದ್ದದ ದೋಣಿಗೆ ಎಷ್ಟು ತೂಕ ಎಂಬುದನ್ನು ಮಾಡಿದವರ ಬಾಯಲ್ಲೇ ಕೇಳಿ, ಪಕ್ಕದ ಡೇರೆಯ ಎದುರಾಳಿಯ ಬಳಿಯೂ ಅದನ್ನೇ ಕೇಳಬಹುದು. ಉತ್ತರಗಳು ಬೇರೆಯಾದ ಕಡೆ ಇನ್ನಷ್ಟು ಕೇಳಬೇಕು.

ಜೀವ ಉಳಿಸುವ ಸಾಮಾನಿನಲ್ಲಿ ಮಾತ್ರ ರಿಯಾಯಿತಿಗಿಂತ ಮೊದಲು ತಾರೀಖು ನೋಡಬೇಕು. ನೀರು ತಾಗಿದೊಡನೆ ಉಬ್ಬುವ ಲೈಫ್ ಜಾಕೆಟ್ಟಿನ ಒಳಗಿನ ಪ್ರಚೋದಕ ಭಾಗಕ್ಕೆ ಅವಧಿ ಇದೆ. ಅಪಾಯದಲ್ಲಿ ಹಾರಿಸುವ ಬೆಂಕಿಬಾಣಗಳಿಗೆ ಅಮೆರಿಕದಲ್ಲಿ ತಯಾರಾದಂದಿನಿಂದ 42 ತಿಂಗಳ ಆಯಸ್ಸು. ಅರ್ಧ ಬೆಲೆಗೆ ಸಿಕ್ಕಿದ್ದು ಅರ್ಧ ಆಯಸ್ಸು ಕಳೆದದ್ದಾಗಿರಬಹುದು. ದೋಣಿ ಮುಳುಗುವಾಗ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಕಳಿಸುವ ಬೀಕನ್‌ಗಳ ಬ್ಯಾಟರಿಗೂ ಹಾಗೆಯೇ.

ವಾಷಿಂಗ್ಟನ್, ಬಾಲ್ಟಿಮೋರ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಅನಾಪೊಲಿಸ್ ಕಾರಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಅವರಲ್ಲಿ ಯಾರಾದರೂ ಕರಾವಳಿಯ ನೆಂಟರ ದೋಣಿಗೆಂದು ಅಂಥ ಬೀಕನ್ ಕೊಂಡರೆ ಒಂದು ವಿಷಯ ತಿಳಿದಿರಬೇಕು: ಪ್ರತಿ ಬೀಕನ್‌ನಲ್ಲೂ ಒಂದು ದೇಶದ ಸಂಕೇತ ಅಡಕವಾಗಿರುತ್ತದೆ. ಮೇರಿಲ್ಯಾಂಡ್‌ನಲ್ಲಿ ಕೊಂಡದ್ದು ಅರಬ್ಬಿ ಸಮುದ್ರದಲ್ಲಿ ಕೂಗಿದರೂ ತಾನು ಅಮೆರಿಕದ್ದೆಂದೇ ಹೇಳುತ್ತದೆ. ಅದನ್ನು ಭಾರತದ ಸಂಕೇತಕ್ಕೆ ಬದಲಿಸಿ, ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ಆವರಣದಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರದಲ್ಲಿ ದೋಣಿಯ ವಿವರದೊಡನೆ ನೋಂದಾಯಿಸಬೇಕು. ಈ ಬದಲಾವಣೆಯನ್ನು ತಯಾರಕರು ಇಲ್ಲವೇ ಅವರು ಒಪ್ಪಿದ ಸೇವಾಕೇಂದ್ರದವರು ಮಾಡಿಕೊಡುತ್ತಾರೆ. ಹಣ ಕೊಡುವ ಮುನ್ನ ಡೇರೆಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು.