ಫಡಿ, ಲಯನ, ಗುಹಾಲಯ: ಬಾದಾಮಿಯ ಬಂಡೆಗಳನ್ನು ಹೆಸರಿಸುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳೂ ಬಾದಾಮಿಯೂ 1997ರವರೆಗೆ ಒಂದೇ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಆದರೂ ಬಂಡೆಯನ್ನು ಕೊರೆದು ದೇವಾಲಯ ಮಾಡುವ ಪರಂಪರೆ ಮಲಪ್ರಭೆಯ ಕಣಿವೆಯಲ್ಲಿ ಬೆಳೆದಂತೆ ಉತ್ತರದ ಈ ಬಯಲಿನಲ್ಲಿ ಬೆಳೆಯಲಿಲ್ಲ. ಕಲ್ಲಿನ ಜಾತಿಯೊಂದನ್ನೇ ಇದಕ್ಕೆ ಕಾರಣವೆನ್ನಲಾಗದು. ಇಂಡಿ, ಸಿಂದಗಿಗಳ ಕರಿಮಣ್ಣಿನಡಿಯ ಬಸಾಲ್ಟ್ ಶಿಲೆಯಲ್ಲಿಯೇ ಅಜಂತಾ, ಎಲ್ಲೋರಾಗಳನ್ನು ಕೊರೆಯಲಾಗಿದೆ. ಅಲ್ಲಿದ್ದು ಇಲ್ಲಿಲ್ಲದುದು ಕಡಿದಾದ ಬಂಡೆಗೋಡೆ. ಬಯಲಿನಲ್ಲಿ ಕಲ್ಲು ಬಿಡಿಯಾಗಿ ಬಳಕೆಗೆ ಬಂದಿತು. ಇಂಡಿ ತಾಲೂಕಿನ ಸಾಲೋಟಗಿಯ ವಿದ್ಯಾಕೇಂದ್ರವನ್ನು ತಿಳಿಸುವ 945ರ ರಾಷ್ಟ್ರಕೂಟ ಶಾಸನವೂ ಕಂಬದ ಮೇಲಿದೆ.

ಬಾದಾಮಿಯ ಮರಳುಗಲ್ಲಿನ ರಚನೆಗಳನ್ನೆಲ್ಲ ನಮ್ಮ ಪಠ್ಯಪುಸ್ತಕಗಳು ‘ಗುಹಾಲಯ’ ಎಂಬ ಒಂದೇ ಪದದಲ್ಲಿ ಅಡಗಿಸುತ್ತವೆ. ಜನರ ಮಾತಿನಲ್ಲಿರುವುದು ‘ಫಡಿ’. ಬಾದಾಮಿ ಸಮೀಪದ ಸಿಡ್ಲಫಡಿ ಪ್ರಾಗೈತಿಹಾಸಿಕ ಚಿತ್ರಗಳಿರುವ ಸಹಜ ಬಂಡೆಯಾಸರೆ. ಸಿಡಿಲು ಬಡಿದು ಆದದ್ದೆಂಬ ನಂಬಿಕೆ ಅದರ ಹೆಸರಿನಲ್ಲಿದೆ. ಐಹೊಳೆಯ ರಾವಣಫಡಿಯಾದರೋ ಉಳಿಯಿಂದ ಕೊರೆದದ್ದು. ಜನಪದರು ಇವೆರಡರ ನಡುವೆ ಗೆರೆ ಎಳೆದಿಲ್ಲ.

ಶಾಸನದ ದೃಷ್ಟಿ ಬೇರೆ. 578ರಲ್ಲಿ ಮಂಗಲೇಶನು ಬಾದಾಮಿಯ ಮೂರನೆಯ ಗುಹೆಯಲ್ಲಿ ಬರೆಯಿಸಿದ ಸಂಸ್ಕೃತ ಶಾಸನ ಅದನ್ನು ‘ಲಯನ’ವೆಂದೂ ‘ಮಹಾವಿಷ್ಣುಗೃಹ’ವೆಂದೂ ಕರೆಯುತ್ತದೆ. ಪಶ್ಚಿಮ ದಖನ್ನಿನ ಬೌದ್ಧ ಶಾಸನಗಳ ‘ಲೇಣ’ವು ಈ ಲಯನದ ಪ್ರಾಕೃತ ರೂಪ. ಗುಹೆ ತಾನಾಗಿ ಇರುವಂಥದು, ಲಯನ ಮಾಡಿದ್ದು. ಇನ್ನು ‘ಗೃಹ’ವೆಂಬ ಪದವನ್ನು ಒಳಗೆ ನಿಂತು ನೋಡಿಯೇ ಅರಿಯಬೇಕು. ಚಾವಣಿ ಬಂಡೆಯದೇ ಆಗಿರುವುದರಿಂದ ತೊಲೆಗಳ ಅಗತ್ಯವೇ ಅಲ್ಲಿಲ್ಲ. ಆದರೂ ಶಿಲ್ಪಿಗಳು ತೊಲೆ, ಕಂಬ, ಬೋದಿಗೆಗಳನ್ನು ಬಿಡಿಸಿದ್ದಾರೆ. ಬಂಡೆ ತನ್ನ ಬಂಡೆತನವನ್ನು ಮರೆತು ಕಟ್ಟಿದ ಮನೆಯಾಗಿ ತೋರಬೇಕೆಂಬುದು ಇಲ್ಲಿನ ಉದ್ದೇಶವೆಂದು ನನ್ನ ಗ್ರಹಿಕೆ. ಕೊರೆಯುವುದು ಮೊದಲ ಹಂತ, ಕಟ್ಟುವುದು ಮುಂದಿನ ಹಂತ ಎಂಬ ರೂಢಿಯ ವಿಕಾಸಕ್ರಮ ಇದರಿಂದ ಸಡಿಲಗೊಳ್ಳುತ್ತದೆ. ಕಟ್ಟಡದ ಭಾಷೆ ತಿಳಿಯದೆ ಈ ಲಯನವನ್ನು ಕೊರೆಯುವಂತಿರಲಿಲ್ಲ.

ಪೆರು ದೇಶದ ಇಂಕಾ ಪರಂಪರೆಯೊಡನೆ ಹೋಲಿಸಿದಾಗ ಈ ಭೇದ ಇನ್ನಷ್ಟು ನಿಚ್ಚಳವಾಗುತ್ತದೆ. ಕುಸ್ಕೊ ಬಳಿಯ ಕೆಂಕೊದಲ್ಲಿ ಸುಣ್ಣಕಲ್ಲಿನ ಸಹಜ ದಿಣ್ಣೆಯ ಮೇಲೆಯೇ ಮೆಟ್ಟಿಲು, ಕಾಲುವೆಗಳನ್ನು ಕೆತ್ತಲಾಗಿದೆ. ಮಾಚು ಪಿಚುವಿನ ಅರೆವೃತ್ತಾಕಾರದ ಗುಡಿ ಹೆಬ್ಬಂಡೆಯೊಂದನ್ನು ಸುತ್ತುವರಿದು ನಿಂತಿದೆ. ಗೋಡೆ ಬಂಡೆಗೆ ಹೊಂದಿಕೊಂಡಿದೆಯೇ ಹೊರತು ಬಂಡೆ ಗೋಡೆಗಲ್ಲ. ಅವರ ‘ವಾಕ’ ಎಂಬ ಪದ ಪವಿತ್ರವಾದ ಬಂಡೆ, ಚಿಲುಮೆ, ಕಟ್ಟಡಗಳೆಲ್ಲಕ್ಕೂ ಸಲ್ಲುತ್ತದೆ. ಈ ವ್ಯಾಪ್ತಿಯಲ್ಲಿ ಅದು ಲಯನಕ್ಕಿಂತ ನಮ್ಮ ಫಡಿಗೇ ಹತ್ತಿರ.

ಆದುದರಿಂದ ಇಂಕಾ ಮಾದರಿಗೆ ಸಮೀಪವಾದುದನ್ನು ಹುಡುಕುವವರು ಪ್ರಸಿದ್ಧವಾದ ನಾಲ್ಕು ಗುಹೆಗಳನ್ನು ಬಿಟ್ಟು ಅಗಸ್ತ್ಯತೀರ್ಥದ ಆಚೆ ಭೂತನಾಥ ಗುಡಿಯ ಬಳಿಗೆ ಹೋಗಬೇಕು. ಅಲ್ಲಿ ಬಿಡಿ ಬಂಡೆಯ ಮೈಮೇಲೆ ವರಾಹ, ಗಣಪತಿ, ಮಹಿಷಮರ್ದಿನಿಯರ ಉಬ್ಬುಶಿಲ್ಪಗಳಿವೆ. ಕಂಬವಿಲ್ಲ, ತೊಲೆಯಿಲ್ಲ, ಬಂಡೆಯ ಹೊರರೇಖೆ ಇದ್ದಂತೆಯೇ ಇದೆ.