ಭಾರವಾದ ಹೇರನ್ನು ಬಿಗಿಯುವ ಕ್ರಮ



ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಸಣ್ಣ ಮೋಟಾರು ವ್ಯಾನುಗಳು ಒಂದರ ಹಿಂದೊಂದು ಹೋಗುವುದನ್ನು ಕಾಣಬಹುದು. ಒಂದರಲ್ಲಿ ಟೊಮೇಟೊ ಹಣ್ಣಿನ ಪೆಟ್ಟಿಗೆಗಳು. ಮತ್ತೊಂದರಲ್ಲಿ ಸಿಮೆಂಟಿನ ಮೂಟೆಗಳು. ಇನ್ನೊಂದರಲ್ಲಿ ಕೊಳವೆ ಬಾವಿಯಿಂದ ಮೇಲೆತ್ತಿದ ಪಂಪು, ಕಬ್ಬಿಣದ ಕೊಳವೆಗಳು, ಸರಪಳಿ ರಾಟೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ನೀರು ಸಾವಿರ ಅಡಿಗೂ ಕೆಳಕ್ಕೆ ಇಳಿದಿರುವ ಸ್ಥಳಗಳು ಅನೇಕವಾಗಿವೆ. ಅಷ್ಟು ಆಳದ ಪಂಪು ಕೆಟ್ಟರೆ ಕೊಳವೆಗಳ ಸಾಲನ್ನೆಲ್ಲ ಮೇಲೆತ್ತಿ, ದುರಸ್ತಿ ಮಾಡಿ, ಪುನಃ ಇಳಿಸಬೇಕು. ಆದಕಾರಣ ಈ ದುರಸ್ತಿಯ ವ್ಯಾನು ಆ ಸೀಮೆಯ ರೈತನಿಗೆ ವೈದ್ಯನಷ್ಟೇ ಬೇಕಾದದ್ದಾಗಿದೆ.

ಇದರಿಂದ ನಗರವಾಸಿಗಳಿಗೇನು ಎಂದು ತಾವು ಕೇಳಬಹುದು. ಮನೆ ಬದಲಾಯಿಸುವಾಗ ಬೀರು ಮಂಚಗಳನ್ನೂ, ಮನೆ ಕಟ್ಟಿಸುವಾಗ ಕಬ್ಬಿಣ ಸಿಮೆಂಟುಗಳನ್ನೂ ನಾವೆಲ್ಲರೂ ಇಂಥ ವ್ಯಾನುಗಳಲ್ಲಿಯೇ ತರಿಸುತ್ತೇವೆ. ಹೇರು ಏರಿಸುವಾಗ ಪಕ್ಕದಲ್ಲಿ ನಿಂತು ‘ಬೇಗ, ಬೇಗ’ ಎನ್ನುವವರೂ ನಾವೇ. ಆ ವೇಳೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: ‘ಇಷ್ಟು ಭಾರವಾದದ್ದು ಎಲ್ಲಿಗೆ ಹೋದೀತು? ಕಟ್ಟುವ ಅಗತ್ಯವೇನು?’ ಈ ಮಾತು ಏಕೆ ತಪ್ಪು ಎಂಬುದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ನಿಂತಿರುವ ವಸ್ತುವು ನಿಂತೇ ಇರಲು ಹವಣಿಸುವಂತೆ, ಚಲಿಸುತ್ತಿರುವ ವಸ್ತುವು ಚಲಿಸುತ್ತಲೇ ಇರಲು ಹವಣಿಸುತ್ತದೆ. ಇದಕ್ಕೆ ಜಡತ್ವವೆಂದು ಹೆಸರು. ವ್ಯಾನು ಓಡುತ್ತಿರುವಾಗ ಅದರೊಳಗಿನ ಹೇರೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಬ್ರೇಕು ಹಿಡಿಯುವುದು ಚಕ್ರಗಳನ್ನು, ಹೇರನ್ನಲ್ಲ. ಹೇರನ್ನು ನಿಲ್ಲಿಸುವುದಕ್ಕೆ ಬೇರೊಂದು ಆಧಾರವಿರಬೇಕು. ಅದು ನೆಲದ ಘರ್ಷಣೆಯಾಗಿರಬಹುದು, ಮುಂದಿನ ಹಲಗೆಯಾಗಿರಬಹುದು, ಹಗ್ಗವಾಗಿರಬಹುದು. ಇವು ಯಾವುವೂ ಸಾಲದೆ ಹೋದರೆ ಕೊನೆಗೆ ಅದನ್ನು ತಡೆಯುವುದು ಚಾಲಕನ ಬೆನ್ನು. ಭಾರವು ಹೆಚ್ಚಿದಷ್ಟೂ ಅದನ್ನು ನಿಲ್ಲಿಸಲು ಬೇಕಾದ ಬಲವೂ ಹೆಚ್ಚುತ್ತದೆ. ಆದುದರಿಂದ ಭಾರವೇ ತನ್ನನ್ನು ಕಾಯುತ್ತದೆಂಬುದು ಭ್ರಾಂತಿ.

ನಮ್ಮ ಹಿರಿಯರು ಎತ್ತಿನ ಗಾಡಿಗೆ ಹೇರು ಕಟ್ಟುವುದರಲ್ಲಿ ನಿಪುಣರಾಗಿದ್ದರು. ಆದರೆ ಆ ಗಾಡಿಯ ವೇಗ ಗಂಟೆಗೆ ಸುಮಾರು 4 ಕಿಲೋಮೀಟರು. ಆ ವೇಗದಲ್ಲಿ ಹೇರು ಎದುರಿಗಿರುವುದನ್ನು ತಾಕಿದರೆ, ಮೂರು ನಾಲ್ಕು ಬೆರಳಗಲದ ಎತ್ತರದಿಂದ ಬಿದ್ದಷ್ಟೇ ಪೆಟ್ಟು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಅದು ಮೂರೂವರೆ ಮೀಟರು ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ವೇಗವು 60 ಕಿಲೋಮೀಟರಾದರೆ ಎತ್ತರವು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಎಂದರೆ 14 ಮೀಟರು. ನಾಲ್ಕಂತಸ್ತಿನ ಮನೆಯ ಮೇಲಿನಿಂದ ಪಂಪಿನ ಮೋಟಾರನ್ನು ಕೆಳಗೆ ನಿಂತವನ ಮೇಲೆ ಯಾರೂ ಎಸೆಯಲಾರರು. ಕಟ್ಟದೆ ಹೇರಿದ ವ್ಯಾನಿನಲ್ಲಿ ಚಾಲಕನನ್ನು ಕೂರಿಸಿ ಕಳುಹಿಸುವುದು ಅದಕ್ಕಿಂತ ಬಹಳ ಬೇರೆಯಾದ ಕೆಲಸವಲ್ಲ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಯೂರೋಪಿನ ಮಾನದಂಡದಂತೆ, ರಸ್ತೆಯಲ್ಲಿ ಹೋಗುವ ಹೇರನ್ನು ಮುಂದಕ್ಕೆ ಜಾರದಂತೆ ಅದರ ತೂಕದ ಶೇಕಡಾ 80ರಷ್ಟು ಬಲದಿಂದಲೂ, ಪಕ್ಕಗಳಿಗೂ ಹಿಂದಕ್ಕೂ ಜಾರದಂತೆ ಶೇಕಡಾ 50ರಷ್ಟು ಬಲದಿಂದಲೂ ಹಿಡಿದಿರಬೇಕು. 500 ಕಿಲೋಗ್ರಾಂ ಕೊಳವೆಗಳಿಗೆ ಮುಂದಿನಿಂದ ಬೇಕಾದ ತಡೆ 400 ಕಿಲೋಗ್ರಾಂ ತೂಕದಷ್ಟು. ಕಬ್ಬಿಣದ ನೆಲದ ಮೇಲೆ ಕಬ್ಬಿಣವನ್ನು ಇಟ್ಟರೆ ಘರ್ಷಣೆಯಿಂದ ದೊರೆಯುವುದು ಸುಮಾರು 100 ಮಾತ್ರ. ಎಣ್ಣೆಯೋ ನೀರೋ ಧೂಳೋ ಇದ್ದರೆ ಅದೂ ಇಲ್ಲ. ಕೆಳಗೆ ಒಳ್ಳೆಯ ರಬ್ಬರು ಹಾಸನ್ನು ಹಾಕಿದರೆ ಅದೇ ಘರ್ಷಣೆ ಸುಮಾರು 300ಕ್ಕೆ ಏರುತ್ತದೆ. ಹಗ್ಗಕ್ಕೂ ಹಲಗೆಗೂ ಉಳಿಯುವ ಕೆಲಸ ಆಗ 300ರಿಂದ 100ಕ್ಕೆ ಇಳಿಯುತ್ತದೆ. ಅಲ್ಪ ವೆಚ್ಚದ ಒಂದು ಹಾಸು ಇಷ್ಟು ಉಪಕಾರ ಮಾಡುತ್ತದೆ.

ಇನ್ನು ಕಟ್ಟುವ ಕ್ರಮ. ಮೊದಲನೆಯದಾಗಿ, ಭಾರವಾದದ್ದನ್ನು ಕೆಳಗೆ, ವ್ಯಾನಿನ ಮಧ್ಯರೇಖೆಯ ಮೇಲೆ, ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಇಡಬೇಕು. ಭಾರವೆಲ್ಲ ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳು ಹಗುರವಾಗಿ, ಚಾಲಕನು ತಿರುಗಿಸಿದ ಕಡೆಗೆ ಬಂಡಿ ತಿರುಗದು. ಎರಡನೆಯದಾಗಿ, ಹೇರಿಗೂ ಮುಂದಿನ ಹಲಗೆಗೂ ನಡುವೆ ತೆರಪಿರಕೂಡದು. ತೆರಪಿದ್ದರೆ ಹೇರು ಜಾರಿ ಬಂದು ಹಲಗೆಯನ್ನು ಗುದ್ದುತ್ತದೆ. ತೆರಪಿಲ್ಲದಿದ್ದರೆ ಕೇವಲ ಒತ್ತುತ್ತದೆ. ಒತ್ತುವುದನ್ನು ತಡೆಯುವ ಹಲಗೆಯು ಗುದ್ದನ್ನು ತಡೆಯಲಾರದು. ಜಾಗ ಉಳಿದರೆ ಮರದ ದಿಮ್ಮಿಗಳನ್ನು ಅಡ್ಡ ಕೊಟ್ಟು ತುಂಬಬೇಕು.

ಮೂರನೆಯದು ಹಗ್ಗ. ಹೇರಿನ ಮೇಲೆ ಹಾದು ಹೋಗುವ ಹಗ್ಗವು ಅದನ್ನು ನೆಲಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. ಅದು ನೆಟ್ಟಗೆ ಕೆಳಕ್ಕೆ ಇಳಿದರೆ ಬಿಗಿತವೆಲ್ಲ ಉಪಯೋಗಕ್ಕೆ ಬರುತ್ತದೆ. ನೆಲಕ್ಕೆ 30 ಡಿಗ್ರಿಯಷ್ಟು ಓರೆಯಾಗಿ ಇಳಿದರೆ ಅರ್ಧ ಮಾತ್ರ. ಹಗ್ಗದಲ್ಲಿಯೇ ಒಂದು ಕುಣಿಕೆ ಹಾಕಿ, ತುದಿಯನ್ನು ಕೊಕ್ಕೆಯ ಕೆಳಗಿನಿಂದ ತಂದು ಆ ಕುಣಿಕೆಯ ಮೂಲಕ ಎಳೆದು ಬಿಗಿಯುವ ಲಾರಿಯವರ ಪದ್ಧತಿಯು ಶ್ಲಾಘ್ಯವಾದದ್ದು. ಅದು ರಾಟೆಯಂತೆ ಕೈಯ ಬಲವನ್ನು ಹೆಚ್ಚಿಸುತ್ತದೆ. ಹಲ್ಲುಚಕ್ರದಿಂದ ಬಿಗಿಯುವ ನೇಯ್ಗೆಯ ಪಟ್ಟಿಗಳು ಇನ್ನೂ ಮೇಲು. ಚೂಪಾದ ಅಂಚುಗಳಿಗೆ ಗೋಣಿಯನ್ನು ಮಡಿಸಿ ಕೊಡಬೇಕು. ಕೊಳವೆಗಳ ಕಂತೆಗೆ ಮೇಲಿನ ಕಟ್ಟು ಸಾಲದು. ನಡುವಿನ ಕೊಳವೆ ಬಾಣದಂತೆ ಹೊರಬರುವ ಸಂಭವವುಂಟು. ಆದ್ದರಿಂದ ಕಂತೆಯ ಸುತ್ತಲೂ ಎರಡು ಸುತ್ತು ಹಾಕಿ, ಎರಡು ಮೂರು ಕಡೆ ಬಿಗಿಯಬೇಕು. ಎಷ್ಟೇ ಬಿಗಿದರೂ ರಸ್ತೆಯ ಕುಲುಕಾಟಕ್ಕೆ ಹೇರು ಕುಸಿದು ಹಗ್ಗ ಸಡಿಲವಾಗುತ್ತದೆ. ಕೆಲವು ಕಿಲೋಮೀಟರು ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯತಕ್ಕದ್ದು.

ಇಷ್ಟೆಲ್ಲ ಏತಕ್ಕೆ, ಮೆಲ್ಲಗೆ ಹೋದರಾಯಿತಲ್ಲ ಎನ್ನಬಹುದು. ಆದರೆ ಬ್ರೇಕು ಹಾಕುವ ಕ್ಷಣವನ್ನು ಆರಿಸುವವನು ಚಾಲಕನಲ್ಲ. ಕಾಮಸಮುದ್ರ ಹೋಬಳಿಯು ತಮಿಳುನಾಡು, ಆಂಧ್ರಗಳ ಗಡಿಯ ಕಾಡುಗಳಿಗೆ ಸಮೀಪವಾದದ್ದು. ಕಾಡಾನೆಗಳ ಹಿಂಡು ಅಲ್ಲಿಗೆ ಆಗಾಗ ಬರುತ್ತದೆ. ಆನೆಯೇ ಬೇಕೆಂದಿಲ್ಲ, ದಾರಿ ದಾಟುವ ಕರುವಾಗಲಿ, ಶಾಲೆಯಿಂದ ಓಡಿಬರುವ ಮಗುವಾಗಲಿ ಸಾಕು. ಕಟ್ಟದ ಹೇರನ್ನು ಬೆನ್ನ ಹಿಂದೆ ಇಟ್ಟುಕೊಂಡ ಚಾಲಕನಿಗೆ ಆ ಕ್ಷಣದಲ್ಲಿ ಎರಡೇ ದಾರಿ: ಮಗುವನ್ನು ಉಳಿಸುವುದು ಅಥವಾ ತನ್ನನ್ನು ಉಳಿಸಿಕೊಳ್ಳುವುದು. ಅಂಥ ಆಯ್ಕೆಯನ್ನು ಅವನ ಮುಂದೆ ಇಡುವ ಅಧಿಕಾರ ನಮಗಿಲ್ಲ. ಹೇರಿನ ಮೇಲೆಯೇ ಕುಳಿತು ಹೋಗುವ ಕೂಲಿಯಾಳಿಗಂತೂ ಆ ಎರಡು ದಾರಿಗಳೂ ಇಲ್ಲ.

ಈ ವಿಷಯದಲ್ಲಿ ಆ ಸೀಮೆಗೆ ಹಳೆಯ ಅನುಭವವುಂಟು. ಕಾಮಸಮುದ್ರಕ್ಕೆ ಅನತಿದೂರದಲ್ಲಿರುವ ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಮುಚ್ಚಲ್ಪಟ್ಟುವು. ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಂಥ ಬಾವಿಯೊಳಗೆ ಸಡಿಲವಾದ ಒಂದು ಸಣ್ಣ ಕಬ್ಬಿಣದ ತುಂಡು ಬಿದ್ದರೂ ಕೆಳಗಿದ್ದವನಿಗೆ ಅದು ಗುಂಡಿನಂತೆ. ಆದುದರಿಂದ ಪಂಜರದೊಳಕ್ಕೆ ತಳ್ಳಿದ ತೊಟ್ಟಿಬಂಡಿಯು ಎಷ್ಟೇ ಭಾರವಾಗಿರಲಿ, ಅದನ್ನು ತಡೆಗಳಿಂದ ಹಿಡಿದು ನಿಲ್ಲಿಸಿದ ಹೊರತು ಪಂಜರವನ್ನು ಅಲುಗಿಸಕೂಡದೆಂಬುದು ಗಣಿಗಾರಿಕೆಯ ಸಾಮಾನ್ಯ ನಿಯಮ. ಭಾರವನ್ನು ನಂಬಬೇಡ, ತಡೆಯನ್ನು ನಂಬು ಎಂಬುದೇ ಅದರ ತಾತ್ಪರ್ಯ. ನೆಲದ ಕೆಳಗೆ ಸತ್ಯವಾದದ್ದು ನೆಲದ ಮೇಲೆಯೂ ಸತ್ಯವೇ.

ಶಾಸನವೂ ಈ ವಿಷಯದಲ್ಲಿ ಸುಮ್ಮನಿಲ್ಲ. 1988ನೆಯ ಇಸವಿಯ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಭಾರವನ್ನು ಇಳಿಸುವವರೆಗೆ ಬಂಡಿಯು ಮುಂದೆ ಹೋಗಕೂಡದು. ಮಿತಿಯನ್ನು ಮೀರಿ ಮುಂದೆ, ಹಿಂದೆ, ಪಕ್ಕಗಳಲ್ಲಿ ಚಾಚಿದ ಹೇರಿಗೂ 20,000 ರೂಪಾಯಿ ದಂಡವುಂಟು. ಆದರೆ ಶಾಸನವು ತೂಕವನ್ನೂ ಉದ್ದವನ್ನೂ ಅಳೆದೀತು. ಗಂಟಿನ ಬಿಗಿತವನ್ನು ಪ್ರತಿಯೊಂದು ವ್ಯಾನಿನಲ್ಲಿಯೂ ಬಂದು ನೋಡಲಾರದು.

ಅದನ್ನು ನೋಡಬೇಕಾದವರು ಹೇರುವವರು, ಮತ್ತು ಹೇರಿಸುವವರಾದ ನಾವು. ಮುಂದಿನ ಸಲ ತಮ್ಮ ಮನೆಯ ಬಾಗಿಲಿಗೆ ವ್ಯಾನು ಬಂದಾಗ, ಬಾಡಿಗೆಯನ್ನು ಗೊತ್ತುಮಾಡುವಷ್ಟೇ ಶ್ರದ್ಧೆಯಿಂದ ಹಗ್ಗವನ್ನೂ ಹಾಸನ್ನೂ ವಿಚಾರಿಸಿರಿ. ಹೊರಡುವ ಮೊದಲು ಹೇರನ್ನು ಕೈಯಿಂದ ಒಮ್ಮೆ ಜಗ್ಗಿ ನೋಡಿರಿ. ಚಾಲಕನು ಕಟ್ಟುವುದಕ್ಕೆ ಕಾಲು ಗಂಟೆ ಬೇಕೆಂದರೆ ಬೇಸರಪಡದೆ ಕೊಡಿರಿ. ಆ ಕಾಲು ಗಂಟೆಯೂ ಅವನ ಕೆಲಸದ ಭಾಗವೇ. ಅದಕ್ಕೂ ಕೂಲಿ ಸಲ್ಲಬೇಕಾದದ್ದು ನ್ಯಾಯ.