ಯಾವ ಮಾದರಿಗೆ ಯಾವ ಪರೀಕ್ಷೆ? ವಿಧಿವಿಜ್ಞಾನ ಪ್ರಯೋಗಾಲಯದ ಕ್ರೊಮ್ಯಾಟೊಗ್ರಫಿ ಮತ್ತು ವರ್ತಕರು

ಚಿನ್ನ ತೂಗುವ ತಕ್ಕಡಿಯಲ್ಲಿ ಹತ್ತಿಯ ಅಂಡಿಗೆಯನ್ನು ತೂಗುವ ವರ್ತಕನಿಲ್ಲ. ಲಾರಿ ತೂಗುವ ವೇ-ಬ್ರಿಡ್ಜಿನ ಮೇಲೆ ಉಂಗುರವನ್ನಿಟ್ಟು ಬೆಲೆ ಕಟ್ಟುವವನೂ ಇಲ್ಲ. ತೂಗಬೇಕಾದ ವಸ್ತು ಯಾವುದು, ಎಷ್ಟು ನಿಖರತೆ ಬೇಕು ಎಂಬುದನ್ನು ಮೊದಲು ನೋಡಿ, ಅನಂತರ ತಕ್ಕಡಿಯನ್ನು ಆರಿಸುವುದು ಪೇಟೆಯ ನಿತ್ಯದ ವಿವೇಕ. ಪ್ರಯೋಗಾಲಯದ ಪರೀಕ್ಷೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಪ್ರಯೋಗಾಲಯದ ವರದಿ ಕೈಸೇರಿದಾಗ ಅದರ ಕೊನೆಯ ಸಾಲನ್ನಷ್ಟೇ ಓದಿ, ಯಾವ ವಿಧಾನದಿಂದ ಆ ತೀರ್ಮಾನಕ್ಕೆ ಬರಲಾಯಿತು ಎಂಬುದನ್ನು ಗಮನಿಸದೆ ಬಿಡುವುದು ಸುಲಭ. ವಿಮೆಯ ಹಣ, ಸಾಲದ ವಸೂಲಿ, ಅಂಗಡಿಯ ಪರವಾನಗಿ ಇವೆಲ್ಲವೂ ಒಂದು ವರದಿಯನ್ನು ಅವಲಂಬಿಸಿರುವಾಗ ಈ ಅಲಕ್ಷ್ಯ ದುಬಾರಿಯಾಗಬಹುದು.

ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದ್ದು, ಅದರ ಪ್ರಾದೇಶಿಕ ಪ್ರಯೋಗಾಲಯಗಳ ಪೈಕಿ ಒಂದು ದಾವಣಗೆರೆಯಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸುವ ವ್ಯವಸ್ಥೆಯನ್ನು ವಿಧಿಸಿದೆ. ಆದುದರಿಂದ ಈ ಪ್ರಯೋಗಾಲಯಗಳ ಕಾರ್ಯವಿಧಾನದ ಸ್ಥೂಲ ಪರಿಚಯ ದಾವಣಗೆರೆ ಮತ್ತು ಹರಿಹರದ ಉದ್ಯಮಿಗಳಿಗೆ ಉಪಯುಕ್ತವಾಗಿದೆ.

ಬೇರ್ಪಡಿಸುವ ವಿದ್ಯೆ

ಅಕ್ಕಿ ಗಿರಣಿಯ ಜರಡಿ ಅಕ್ಕಿಯನ್ನೂ ನುಚ್ಚನ್ನೂ ಗಾತ್ರಕ್ಕನುಗುಣವಾಗಿ ಬೇರ್ಪಡಿಸುತ್ತದೆ. ಕ್ರೊಮ್ಯಾಟೊಗ್ರಫಿಯೂ ಬೇರ್ಪಡಿಸುವ ವಿದ್ಯೆಯೇ. ಆದರೆ ಅದರ ಸಾಮಾನ್ಯ ವಿಧಾನಗಳಲ್ಲಿ ಗಾತ್ರಕ್ಕಿಂತ ಅಂಟಿನ ಗುಣ ಮುಖ್ಯ. ಮಿಶ್ರಣವೊಂದನ್ನು ದ್ರವ ಅಥವಾ ಅನಿಲದ ಪ್ರವಾಹದಲ್ಲಿ ಒಂದು ಸ್ಥಿರವಸ್ತುವಿನ ಮೂಲಕ ಸಾಗಿಸಿದಾಗ, ಆ ಸ್ಥಿರವಸ್ತುವಿಗೆ ಹೆಚ್ಚು ಅಂಟುವ ಘಟಕ ಹಿಂದುಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಸಾಗುತ್ತದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ಬಣ್ಣಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದನು. ಇದನ್ನು ಮುಂದುವರಿಸಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪ್ರಯೋಗಾಲಯಗಳಲ್ಲಿ ಮುಖ್ಯವಾಗಿ ಮೂರು ವಿಧಾನಗಳು ಬಳಕೆಯಲ್ಲಿವೆ. ಸಿಲಿಕಾ ಲೇಪಿಸಿದ ತಗಡು ಅಥವಾ ಗಾಜಿನ ಮೇಲೆ ನಡೆಸುವ ತೆಳುಪದರ ವಿಧಾನ ಅಗ್ಗವಾದುದು, ಶೀಘ್ರವಾದುದು. ಮಾದರಿಯನ್ನು ಆವಿಯಾಗಿಸಿ ಉದ್ದನೆಯ, ಕೂದಲೆಳೆಯಷ್ಟು ತೆಳುವಾದ ಕೊಳವೆಯ ಮೂಲಕ ಸಾಗಿಸುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ಆವಿಯಾಗದ ಅಥವಾ ಶಾಖಕ್ಕೆ ಕೆಡುವ ವಸ್ತುಗಳನ್ನು ದ್ರವರೂಪದಲ್ಲಿಯೇ ಅಧಿಕ ಒತ್ತಡದಿಂದ ಸಾಗಿಸುವುದು ಎಚ್.ಪಿ.ಎಲ್.ಸಿ. ವಿಧಾನ. ಕೊನೆಯ ಎರಡಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರೆ, ಬೇರ್ಪಟ್ಟ ವಸ್ತು ಇಂಥದೇ ಎಂಬುದನ್ನು ಅಣುಭಾರದ ಆಧಾರದ ಮೇಲೆ ಗುರುತಿಸಬಹುದು.

ಚೆಕ್ಕು ಮತ್ತು ಶಾಯಿ

ಪ್ರಾಮಿಸರಿ ನೋಟಿನಲ್ಲಿ 10,000 ಎಂದಿದ್ದ ಮೊತ್ತದ ಹಿಂದೆ ಒಂದು ಅಂಕಿ ಸೇರಿ 1,10,000 ಆಗಿದೆ ಎಂಬ ತಕರಾರು ಬಂದಿದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಮೊದಲ ಪರೀಕ್ಷೆ ಕ್ರೊಮ್ಯಾಟೊಗ್ರಫಿಯೇ ಅಲ್ಲ. ದಾಖಲೆಗೆ ಹಾನಿಯಾಗದಂತೆ ಅತಿನೇರಳೆ ಮತ್ತು ಅವಕೆಂಪು ಬೆಳಕಿನಲ್ಲಿ ನೋಡುವುದು ಮೊದಲ ಹೆಜ್ಜೆ. ಅದರಿಂದ ಇತ್ಯರ್ಥವಾಗದಿದ್ದರೆ, ಅಕ್ಷರದ ಗೆರೆಯಿಂದ ಸೂಜಿಮೊನೆಯಷ್ಟು ಕಾಗದವನ್ನು ತೆಗೆದು ಶಾಯಿಯನ್ನು ಕರಗಿಸಿ ತೆಳುಪದರ ವಿಧಾನಕ್ಕೆ ಒಳಪಡಿಸುತ್ತಾರೆ. ಎರಡು ಅಂಕಿಗಳ ಶಾಯಿಗಳು ಬೇರೆ ಬೇರೆ ಬಣ್ಣದ ಚುಕ್ಕೆಗಳಾಗಿ ಒಡೆದರೆ ಅವು ಬೇರೆ ಶಾಯಿಗಳೆಂದು ಹೇಳಬಹುದು. ಒಂದೇ ಬಗೆಯ ಚುಕ್ಕೆಗಳು ಬಂದರೆ ಅದೇ ಪೆನ್ನಿನಿಂದ ಬರೆಯಲಾಗಿದೆ ಎಂದು ಮಾತ್ರ ಸಿದ್ಧವಾಗುವುದಿಲ್ಲ. ಒಂದೇ ಕಂಪನಿಯ ಸಾವಿರಾರು ಪೆನ್ನುಗಳಲ್ಲಿ ಅದೇ ಶಾಯಿ ಇರುತ್ತದೆ. ಮೂಲ ದಾಖಲೆಯ ಬದಲು ಜೆರಾಕ್ಸ್ ಪ್ರತಿ ಮಾತ್ರ ಉಳಿದಿದ್ದರೆ ಈ ಪರೀಕ್ಷೆ ಸಾಧ್ಯವೇ ಇಲ್ಲ.

ಗೋದಾಮಿನ ಬೆಂಕಿ

ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆ ಅದು ಆಕಸ್ಮಿಕವೇ ಎಂಬುದು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಇವೆಲ್ಲವೂ ಸುಲಭವಾಗಿ ಆವಿಯಾಗುವ ವಸ್ತುಗಳಾದುದರಿಂದ ಇಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ಸೂಕ್ತ. ಆದರೆ ಸುಟ್ಟ ಪ್ಲಾಸ್ಟಿಕ್, ಪ್ಯಾಕಿಂಗ್ ಸಾಮಗ್ರಿ ಮೊದಲಾದವುಗಳಿಂದಲೂ ಪೆಟ್ರೋಲಿನಲ್ಲಿರುವ ಕೆಲವು ಘಟಕಗಳು ಹೊರಬರುತ್ತವೆ. ಆದ್ದರಿಂದ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿ, ಒಂದೆರಡು ಘಟಕಗಳನ್ನಲ್ಲದೆ ಇಡೀ ವಿನ್ಯಾಸವನ್ನು ಹೋಲಿಸುವುದು ಅವಶ್ಯಕ. ಅದೇ ಗೋದಾಮಿನ ಸುಡದ ಭಾಗದಿಂದ ಹೋಲಿಕೆಗಾಗಿ ಇನ್ನೊಂದು ಮಾದರಿಯೂ ಇರಬೇಕು. ಯಂತ್ರಭಾಗಗಳನ್ನು ತೊಳೆಯಲು ಸೀಮೆಎಣ್ಣೆ ಅಥವಾ ಥಿನ್ನರ್ ಬಳಸುವ ಹರಿಹರದ ವರ್ಕ್‌ಶಾಪ್ ಮಾಲೀಕರಿಗೆ ಇದು ವಿಶೇಷವಾಗಿ ಮುಖ್ಯ. ತಮ್ಮಲ್ಲಿ ಇಂತಹ ದ್ರವಗಳ ದಾಸ್ತಾನು ಎಲ್ಲಿತ್ತು, ಎಷ್ಟಿತ್ತು ಎಂಬುದಕ್ಕೆ ಪುಸ್ತಕದಲ್ಲಿ ದಾಖಲೆ ಇಲ್ಲದಿದ್ದರೆ, ಸಹಜವಾಗಿ ಇದ್ದ ದ್ರವವೇ ಸಂಶಯಕ್ಕೆ ಎಡೆಮಾಡಿಕೊಟ್ಟೀತು.

ಬೂದಿಯನ್ನು ಸಾಧಾರಣ ಪಾಲಿಥಿನ್ ಚೀಲದಲ್ಲಿ ಕಟ್ಟಿದರೆ ಆವಿ ಹೊರಹೋಗಿ ಪರೀಕ್ಷೆ ವ್ಯರ್ಥವಾಗುತ್ತದೆ. ಗಾಳಿಯಾಡದ ಡಬ್ಬಿ ಅಥವಾ ಗಾಜಿನ ಜಾಡಿಯೇ ಬೇಕು. ತನಿಖಾಧಿಕಾರಿ ಬರುವವರೆಗೆ ಸ್ಥಳವನ್ನು ತೊಳೆದು ಗುಡಿಸದೆ ಇರುವುದು ಮಾಲೀಕನ ಹಿತದೃಷ್ಟಿಯಿಂದಲೇ ಒಳ್ಳೆಯದು.

ಎಣ್ಣೆ, ಮೆಣಸಿನಕಾಯಿ, ಬಣ್ಣ

ಶೇಂಗಾ ಎಣ್ಣೆಗೆ ಪಾಮ್ ಎಣ್ಣೆ ಬೆರೆತಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಬ್ಬಿನಾಮ್ಲಗಳ ಪ್ರಮಾಣದಲ್ಲಿದೆ. ಪಾಮ್ ಎಣ್ಣೆಯಲ್ಲಿ ಪಾಮಿಟಿಕ್ ಆಮ್ಲ ಶೇಕಡಾ 40ರ ಆಸುಪಾಸಿನಲ್ಲಿದ್ದರೆ ಶೇಂಗಾ ಎಣ್ಣೆಯಲ್ಲಿ ಅದು ಶೇಕಡಾ 10ರ ಆಸುಪಾಸು. ಬೆಹೆನಿಕ್ ಮೊದಲಾದ ದೀರ್ಘ ಸರಪಳಿಯ ಆಮ್ಲಗಳು ಶೇಂಗಾದ ಲಕ್ಷಣ. ಎಣ್ಣೆ ತಾನಾಗಿ ಸುಲಭವಾಗಿ ಆವಿಯಾಗದಿರುವುದರಿಂದ, ಮೊದಲು ಅದನ್ನು ಮೀಥೈಲ್ ಎಸ್ಟರ್‌ಗಳಾಗಿ ಪರಿವರ್ತಿಸಿ ಅನಂತರ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಒಡ್ಡುತ್ತಾರೆ. ಆದರೆ ಪ್ರಶ್ನೆ ದತ್ತೂರಿ ಎಣ್ಣೆ, ಅಂದರೆ ಆರ್ಜಿಮೋನ್ ಬೆರಕೆಯದಾದರೆ ವಿಧಾನ ಬದಲಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯ ಮೂಲಕ 60ಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಈ ಬೆರಕೆಯ ವಿಷಾಂಶ ತೆಳುಪದರದ ಮೇಲೆ ಅತಿನೇರಳೆ ಬೆಳಕಿನಲ್ಲಿ ಹೊಳೆದು ಕಾಣುತ್ತದೆ. ಒಂದೇ ಡಬ್ಬಿಯ ಎಣ್ಣೆ; ಪ್ರಶ್ನೆ ಎರಡು, ವಿಧಾನವೂ ಎರಡು.

ನೆರೆಯ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಸುಡಾನ್ ಬಣ್ಣದ ಪ್ರಕರಣ ಪರಿಚಿತ. ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ಈ ಕೈಗಾರಿಕಾ ಬಣ್ಣ ಕಂಡುಬಂದಿತೆಂದು 2003ರಲ್ಲಿ ಐರೋಪ್ಯ ಒಕ್ಕೂಟವು ಪರೀಕ್ಷಾ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಉತ್ಪನ್ನಗಳನ್ನು ಹಿಂತೆಗೆಯಲಾಯಿತು. ಮೆಣಸಿನಕಾಯಿಯ ಸಹಜ ಕೆಂಪು ಬಣ್ಣದ ನಡುವೆ ಅತ್ಯಲ್ಪ ಪ್ರಮಾಣದ ಸುಡಾನ್ ಬಣ್ಣ ತೆಳುಪದರದಲ್ಲಿ ಮರೆಯಾಗಬಹುದಾದ್ದರಿಂದ ಇಲ್ಲಿ ಎಚ್.ಪಿ.ಎಲ್.ಸಿ. ಅಥವಾ ಮಾಸ್ ಸ್ಪೆಕ್ಟ್ರೋಮೀಟರ್ ಸಹಿತವಾದ ದ್ರವ ವಿಧಾನವೇ ಬೇಕು. ಇದಕ್ಕೆ ವ್ಯತಿರಿಕ್ತವಾಗಿ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿ ವಿಷಯದಲ್ಲಿ ನಿಷೇಧ ಹೊರಡಿಸಿದಾಗ ಸುದ್ದಿಯಾದ ರೋಡಮೈನ್-ಬಿ ಬಣ್ಣದ ಇರುವಿಕೆಯನ್ನು ತೆಳುಪದರ ವಿಧಾನದಿಂದಲೇ ಪ್ರಾಥಮಿಕವಾಗಿ ಗುರುತಿಸಬಹುದು. ಅನುಮತಿಯುಳ್ಳ ಬಣ್ಣ ಮಿತಿಯನ್ನು ಮೀರಿದೆಯೇ ಎಂದು ಅಳೆಯಬೇಕಾದಾಗ ಮಾತ್ರ ಎಚ್.ಪಿ.ಎಲ್.ಸಿ. ಅನಿವಾರ್ಯ.

ಕೀಟನಾಶಕಗಳ ವಿಷಯದಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದ ಪ್ರಸಾದದಲ್ಲಿ ಪತ್ತೆಯಾದ ಮೊನೊಕ್ರೊಟೊಫಾಸ್ ಶಾಖಕ್ಕೆ ಸುಲಭವಾಗಿ ವಿಘಟನೆಗೊಳ್ಳುವ ವಸ್ತು. ಇಂಥದನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಬಿಸಿಗೆ ಒಡ್ಡುವಾಗ ಎಚ್ಚರ ಬೇಕು. ದ್ರವ ವಿಧಾನ ಹೆಚ್ಚು ಸುರಕ್ಷಿತ. ಸಾರಾಯಿಯಲ್ಲಿನ ಮೆಥನಾಲ್‌ನಂತಹ ವಸ್ತುವಾದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿಯನ್ನು ಮೀರಿದ್ದಿಲ್ಲ.

ವರದಿಯಲ್ಲಿ ನೋಡಬೇಕಾದುದು

ಯಂತ್ರ ದುಬಾರಿಯಾದಷ್ಟೂ ವರದಿ ನಂಬಲರ್ಹ ಎಂಬ ಭಾವನೆ ಸರಿಯಲ್ಲ. ವರದಿಯಲ್ಲಿ ನಾಲ್ಕು ಅಂಶಗಳನ್ನು ಪರಿಶೀಲಿಸಬೇಕು. ಮೊಹರು ಸರಿಯಾಗಿದ್ದುದನ್ನು ನಮೂದಿಸಲಾಗಿದೆಯೇ? ಬಳಸಿದ ವಿಧಾನ ಕೇಳಿದ ಪ್ರಶ್ನೆಗೆ ತಕ್ಕುದೇ? ಶುದ್ಧ ವಸ್ತುವಿನೊಂದಿಗೆ ಹೋಲಿಕೆ ನಡೆದಿದೆಯೇ? ಮೊದಲ ಪರೀಕ್ಷೆಯ ಫಲಿತಾಂಶವನ್ನು ಬೇರೊಂದು ತತ್ತ್ವದ ಪರೀಕ್ಷೆಯಿಂದ ದೃಢಪಡಿಸಲಾಗಿದೆಯೇ? ಎರಡು ಬೇರೆ ವಸ್ತುಗಳು ಒಂದೇ ವೇಗದಲ್ಲಿ ಸಾಗುವುದುಂಟಾದ್ದರಿಂದ ಕೊನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. "ಕಂಡುಬಂದಿಲ್ಲ" ಎಂಬುದಕ್ಕೆ "ಇರಲಿಲ್ಲ" ಎಂಬ ಅರ್ಥವಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಯಾವ ಬಾಗಿಲು?

ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮಾದರಿಗಳು ಪೊಲೀಸ್ ಮತ್ತು ನ್ಯಾಯಾಲಯದಂತಹ ಅಧಿಕೃತ ಮಾರ್ಗದಿಂದ ಹೋಗಬೇಕೇ ಹೊರತು ವರ್ತಕರು ನೇರವಾಗಿ ಒಯ್ಯುವಂತಿಲ್ಲ. ಆಹಾರ ಪದಾರ್ಥಗಳ ಮಾರ್ಗ ಬೇರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಅಧಿಕಾರಿ ಸಾಮಾನ್ಯವಾಗಿ ಮಾದರಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಗೆ ಹೋಗುತ್ತವೆ. ನಾಲ್ಕನೆಯದನ್ನು ವರ್ತಕರು ಕೋರಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ಕೋರಿಕೆಯನ್ನು ಮಾದರಿ ತೆಗೆಯುವ ಸಮಯದಲ್ಲಿಯೇ ಲಿಖಿತವಾಗಿ ಸಲ್ಲಿಸುವುದು ಲೇಸು. ವಿಶ್ಲೇಷಕರ ವರದಿಯ ವಿರುದ್ಧ ಅದರ ಪ್ರತಿ ತಲುಪಿದ 30 ದಿನಗಳೊಳಗೆ ಅಂಕಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಎರಡು ಪ್ರಯೋಗಾಲಯಗಳ ವರದಿಗಳು ಭಿನ್ನವಾದರೆ ಮಾದರಿ ನಿರ್ದೇಶಿತ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿನ ತೀರ್ಮಾನವೇ ಅಂತಿಮ.

ಖರೀದಿಸಿದ ಪ್ರತಿ ಲಾಟಿನ ಬಿಲ್ಲು, ಮೊಹರು ಮಾಡಿದ ಒಂದು ಸ್ವಂತ ಮಾದರಿ, ದಾಸ್ತಾನು ಪುಸ್ತಕದ ಒಂದು ಸಾಲು ಇಷ್ಟನ್ನು ಕಾಪಾಡಿಕೊಂಡು ಬರುವ ವರ್ತಕನಿಗೆ ಪ್ರಯೋಗಾಲಯ ಭಯದ ಸ್ಥಳವಲ್ಲ. ಪ್ರಾಮಾಣಿಕ ವ್ಯಾಪಾರವನ್ನು ಸುಳ್ಳು ಆಪಾದನೆಯಿಂದ ಪಾರುಮಾಡುವುದೂ ಅದೇ ಪರೀಕ್ಷೆಯೇ. ಸರಿಯಾದ ಪ್ರಶ್ನೆಗೆ ಸರಿಯಾದ ತಕ್ಕಡಿ ದೊರೆತಿದೆಯೇ ಎಂದು ಕೇಳುವ ತಿಳಿವಳಿಕೆ ಮಾತ್ರ ವರ್ತಕನಲ್ಲಿರಬೇಕು.